ಹಗ್ಗ ಹಿಡಿದ ತಮ್ಮ

“ಗುರುಗಳೇ, ನಿಮ್ಮ ಮಾತನ್ನು ಇದುವರೆಗೆ ಚಾಚೂ ತಪ್ಪದೆ ಪಾಲಿಸಿದ್ದೇನೆ. ಶಿಷ್ಯನಾದವನು ಇದಕ್ಕಿಂತ ಹೆಚ್ಚೇನು ಮಾಡಬೇಕು?” ಎಂದು ಶಿಷ್ಯನೊಬ್ಬ ಕೇಳಿದ. ಕೇಳಿದ ದನಿಯಲ್ಲಿ ಹೆಮ್ಮೆಯೂ ಇತ್ತು. ಗುರುಗಳು ಒಂದು ಕತೆ ಹೇಳಿದರು.

ಬಾವಿಯ ಹೂಳೆತ್ತುವ ಅಣ್ಣತಮ್ಮಂದಿರಿದ್ದರು. ಅಣ್ಣ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಬಾವಿಗೆ ಇಳಿಯುವನು. ತಮ್ಮ ಮೇಲೆ ನಿಂತು ಹಗ್ಗ ಹಿಡಿಯುವನು. ಒಮ್ಮೆ ಯಾರೋ ಅವಸರಪಡಿಸಿದರೆಂದು ತಮ್ಮ ಹಿಂದೆಮುಂದೆ ನೋಡದೆ ಎಳೆದುಬಿಟ್ಟ. ಅಣ್ಣನ ತಲೆ ಬಾವಿಯ ಕಲ್ಲಿಗೆ ಬಡಿಯಿತು. ಮೇಲೆ ಬಂದ ಅಣ್ಣ ನಾಲ್ಕು ಜನರ ಮುಂದೆ ತಮ್ಮನ ಮಾನ ಕಳೆದ. ಇನ್ನು ಮುಂದೆ ತಾನು ಕೆಳಗಿನಿಂದ ಹಗ್ಗ ಜಗ್ಗಿದರೆ ಮಾತ್ರ ಎಳೆಯಬೇಕು, ಬೇರೆ ಯಾರು ಹೇಳಿದರೂ ಎಳೆಯಕೂಡದು ಎಂದು ಅಪ್ಪಣೆ ಮಾಡಿದ. ತಮ್ಮ ಅದನ್ನು ಮನಸ್ಸಿನಲ್ಲಿ ಕೊರೆದಿಟ್ಟುಕೊಂಡ.

ಮುಂದೊಂದು ದಿನ ಬಹುಕಾಲ ಬಳಸದೆ ಬಿಟ್ಟಿದ್ದ ಬಾವಿಯೊಂದರ ಕೆಲಸ ಸಿಕ್ಕಿತು. ರೂಢಿಯಂತೆ ಮೊದಲು ದೀಪ ಇಳಿಬಿಟ್ಟು ನೋಡಿದರು. ದೀಪ ಆರಲಿಲ್ಲ. ಕೆಟ್ಟ ಗಾಳಿ ಇಲ್ಲವೆಂದು ಅಣ್ಣ ಇಳಿದ. ಆದರೆ ಕೆಟ್ಟ ಗಾಳಿ ಇದ್ದದ್ದು ಹೂಳಿನ ಅಡಿಯಲ್ಲಿ. ಹೂಳು ಕದಡಿದಂತೆ ಅದು ಮೇಲೆದ್ದಿತು. ಸ್ವಲ್ಪ ಹೊತ್ತಿಗೆ ಗುದ್ದಲಿಯ ಸದ್ದು ನಿಂತಿತು.

“ಕೆಳಗೆ ಸದ್ದೇ ಇಲ್ಲವಲ್ಲಪ್ಪ, ಎಳೆ” ಎಂದಳು ಬಾವಿಯ ಒಡತಿ.

“ಅಣ್ಣ ಹಗ್ಗ ಜಗ್ಗಿಲ್ಲ ತಾಯಿ” ಎಂದ ತಮ್ಮ.

ಅವನಿಗೂ ದಿಗಿಲಾಗಿತ್ತು. ಬಗ್ಗಿ ಕೂಗಿದ; ಉತ್ತರ ಬರಲಿಲ್ಲ. ಆದರೂ ಎಳೆಯಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದವರು ಬಂದು ಹಗ್ಗಕ್ಕೆ ಕೈ ಹಾಕಿದರೆ ಅವರನ್ನು ದೂರ ತಳ್ಳಿದ. ಅಂಥ ವಿಧೇಯ ತಮ್ಮ ಯಾರಿಗೆ ಸಿಗುತ್ತಾನೆ! ಕೊನೆಗೆ ಜನ ಅವನನ್ನು ಹಿಡಿದು ಕೂರಿಸಿ ತಾವೇ ಎಳೆದರು. ಅಣ್ಣನ ಮೈ ಇನ್ನೂ ಬೆಚ್ಚಗಿತ್ತು. ಉಸಿರು ಇರಲಿಲ್ಲ.

ಸುದ್ದಿ ತಿಳಿದು ಅತ್ತಿಗೆ ಓಡಿಬಂದಳು. ತಮ್ಮ ಅವಳ ಕಾಲಿಗೆ ಬಿದ್ದು, ಅಣ್ಣ ಹೇಳಿದ್ದರಲ್ಲಿ ತಾನು ಒಂದಿಷ್ಟೂ ತಪ್ಪಲಿಲ್ಲ ಎಂದು ಅತ್ತ. ಅದು ನಿಜವೇ ಆಗಿತ್ತು. ಅವಳು ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು.

ಗುರುಗಳು ಕತೆಯನ್ನು ಅಲ್ಲಿಗೇ ಮುಗಿಸಿದರು. “ಹಾಗಾದರೆ ಅವನು ಅಣ್ಣನ ಮಾತು ಮೀರಬೇಕಿತ್ತೆ?” ಎಂದು ಶಿಷ್ಯ ಕೇಳಿದ.

“ಬೈದರೆ ಬೈಯಲಿ, ಅಣ್ಣ ಬದುಕಿರಲಿ ಎಂದು ಅವನಿಗೆ ಅನ್ನಿಸಬೇಕಿತ್ತು” ಎಂದರು ಗುರುಗಳು.