ಹೆಬ್ಬಾತು ತಂದ ನೇರಳೆ ಹೂವು

ಬೆಟ್ಟಗಳು ಇನ್ನೂ ಬೆಳೆಯುತ್ತಿದ್ದ ಕಾಲ. ನದಿಗಳಿಗೆ ಆಗಷ್ಟೇ ಹಾದಿ ಸಿಕ್ಕಿತ್ತು. ಆಗ ಬಯಲುಸೀಮೆಯ ಒಂದು ಕೆರೆಯಲ್ಲಿ ಬಿಳಿ ನೈದಿಲೆ ಇದ್ದಳು. ಅಂಥ ನೈದಿಲೆ ಲೋಕದಲ್ಲಿ ಬೇರೆಲ್ಲೂ ಇರಲಿಲ್ಲ.

ಚಳಿಗಾಲ ಬಂತೆಂದರೆ ಹಿಮದ ನಾಡಿನಿಂದ ಹೆಬ್ಬಾತು ಆ ಕೆರೆಗೆ ಬರುತ್ತಿದ್ದಳು, ತವರಿಗೆ ಬಂದ ಹಾಗೆ. ತಿರುಗಿ ಹೊರಟಾಗ ನೈದಿಲೆ ಅವಳಿಗೆ ಉಡಿ ತುಂಬುತ್ತಿದ್ದಳು. ಎರಡೇ ಎಸಳು, ಅಷ್ಟೆ. ಆದರೂ ಹೆಬ್ಬಾತಿಗೆ ಸಂಕೋಚ.

"ಪ್ರತಿ ಸಲ ಕೈಬೀಸ್ಕೊಂಡು ಬರ್ತೀನಿ ಅಕ್ಕಾ."

"ನೀ ಬಂದ್ರ ಸಾಕವ್ವಾ," ಎನ್ನುತ್ತಿದ್ದಳು ನೈದಿಲೆ.

ಹೆಬ್ಬಾತಿಗೆ ಸಾಕಾಗಲಿಲ್ಲ. ಒಂದು ವರ್ಷ ಕಡಲಾಚೆಯ ಕೊಳಕ್ಕೆ ಹೋಗಿ ಇಳಿದಳು. ಅಲ್ಲಿ ನೇರಳೆ ಹೂವಿನ ಗಿಡ ತೇಲುತ್ತಿತ್ತು. ಅದನ್ನು ಮೇಯುವ ಪುಟ್ಟ ಹುಳುವೂ ಇತ್ತು. ಹುಳುವನ್ನು ಯಾರಾದರೂ ಉಡುಗೊರೆ ತರುತ್ತಾರೆಯೇ? ಗಿಡವನ್ನಷ್ಟೇ ಬುಡಸಮೇತ ಕಿತ್ತು ತಂದಳು. ನೈದಿಲೆ ಹಿಗ್ಗಿ ಹಿಗ್ಗಿ ಪಕ್ಕದಲ್ಲೇ ಜಾಗ ಕೊಟ್ಟಳು.

ಮರುವರ್ಷ ಬಂದರೆ ನೀರೇ ಕಾಣಲಿಲ್ಲ. ಈ ದಡದಿಂದ ಆ ದಡಕ್ಕೆ ಅದೇ ಗಿಡ. ಮೀನುಗಳು ಉಸಿರಿಗಾಗಿ ಬಾಯಿ ಬಿಡುತ್ತಿದ್ದವು. ಹೆಬ್ಬಾತು ಎಲೆ ಸರಿಸಿ ಸರಿಸಿ ಹುಡುಕಿದಳು.

"ಹೂ ಚಂದ ಐತಿ ತಂಗಿ," ಎಂದಳು ನೈದಿಲೆ ಕೆಳಗಿನಿಂದ. "ಆದ್ರ ನನಗ ಬಿಸಿಲು ಕಾಣವಲ್ದು."

ಹೆಬ್ಬಾತು ಕಿತ್ತಳು, ಕಿತ್ತಳು, ಕೊಕ್ಕು ಸವೆಯುವ ತನಕ ಕಿತ್ತಳು. ಅಷ್ಟರಲ್ಲಿ ಗಿಡ ಹಕ್ಕಿಗಳ ಕಾಲಿಗೆ ಅಂಟಿ ಬೇರೆ ನಾಡುಗಳಿಗೂ ಹೋಗಿತ್ತು. ಇವಳು ಇಲ್ಲಿ ಕಿತ್ತಷ್ಟೂ ಮೇಲಿನ ನಾಡಿನ ಹೊಳೆ ಹೊಸದನ್ನು ತಂದು ಸುರಿಯುತ್ತಿತ್ತು.

ಅವಳು ನಾಡಿನಿಂದ ನಾಡಿಗೆ ಹಾರಿದಳು. "ಎಲ್ಲಾರೂ ಕೂಡಿ ಕೀಳೋಣು ಬರ್ರಿ. ನಮ್ಮಕ್ಕ ಸಾಯಾಕತ್ಯಾಳ," ಎಂದು ಬೇಡಿದಳು.

"ಅದು ನಿಮ್ಮ ಕೆರೆಯ ಪಾಡು," ಎಂದಿತು ಒಂದು ಹೊಳೆ.

"ನಮ್ಮಲ್ಲಿ ಇನ್ನೂ ನಾಲ್ಕೇ ಹೂವಿವೆ, ಇರಲಿ ಬಿಡು," ಎಂದಿತು ಇನ್ನೊಂದು.

ತಮ್ಮ ನೀರೂ ಮುಚ್ಚಿಹೋದ ಮೇಲೆ ಅವಕ್ಕೆ ಕಿವಿ ಕೇಳಿಸಿತು. ಏಳು ನಾಡಿನ ಹಕ್ಕಿ, ಆಮೆ, ಏಡಿಗಳು ಒಂದೇ ದಿನ ಕೀಳಲು ನಿಂತವು. ಬೇರೆ ಗಿಡ ಮುಟ್ಟುವುದಿಲ್ಲವೆಂದು ಮಾತು ಕೊಟ್ಟು ಕಡಲಾಚೆಯ ಹುಳುವೂ ಬಂತು.

ನೀರು ತೆರೆಯಿತು. ಮೀನುಗಳು ಮೇಲೆ ಬಂದವು. ನೈದಿಲೆ ಬರಲಿಲ್ಲ. ಅವಳ ಗೆಡ್ಡೆ ಕೆಸರಿನಲ್ಲಿ ಕೊಳೆತುಹೋಗಿತ್ತು. ಪ್ರೀತಿಯಿಂದ ತಂದದ್ದೇ ಅಕ್ಕನನ್ನು ಕೊಂದಿತ್ತು. ಆ ಚಳಿಗಾಲವೆಲ್ಲ ಹೆಬ್ಬಾತು ಅತ್ತಳು, ಅತ್ತು ತನ್ನ ಮಕ್ಕಳಿಗೆ ಒಂದು ಮಾತು ಹೇಳಿದಳು.

ಅದಕ್ಕೇ ಇವತ್ತಿಗೂ ದೂರದ ನಾಡಿನಿಂದ ನಮ್ಮ ಕೆರೆಗೆ ಬರುವ ಹೆಬ್ಬಾತುಗಳು ದಡದಲ್ಲಿ ನಿಂತು, ಕೊಕ್ಕಿನಿಂದ ಒಂದೊಂದೇ ಗರಿ ಬಿಡಿಸಿ, ಎಲ್ಲೂ ಒಂದು ಬೀಜ ಕೂಡ ಅಂಟಿಕೊಂಡಿಲ್ಲವೆಂದು ಮತ್ತೆ ಮತ್ತೆ ನೋಡಿಕೊಳ್ಳುತ್ತವೆ.