ಗುಂಡಿನ ಮುಖ

ಪುರಾಣ ಹೇಳುವ ಚನ್ನಮಲ್ಲ ತನ್ನ ಗುರುಗಳ ಮುಂದೆ ಕೂತು ಕೇಳಿದ: "ಗುರುಗಳೇ, ಹೇಳುವುದನ್ನು ಬಿಟ್ಟ ಮೇಲೆ ಹೇಳುವವನಿಗೆ ಉಳಿಯುವುದೇನು?"

ಅವನ ಸಂಕಟ ಗುರುಗಳಿಗೆ ಗೊತ್ತಿತ್ತು. ಇಪ್ಪತ್ತು ವರ್ಷ ಮಠದ ಕಟ್ಟೆಯ ಮೇಲೆ ಕೂತು ಪುರಾಣ ಹೇಳಿದವನು. ಈಚೆಗೆ ದನಿ ಒಡೆದಿತ್ತು. ನಾಳೆಯಿಂದ ಆ ಜಾಗದಲ್ಲಿ ಅವನೇ ಕಲಿಸಿದ ಹೆಣ್ಣುಮಗಳು ಕೂರಬೇಕೆಂದು ತೀರ್ಮಾನವಾಗಿತ್ತು. ಅದನ್ನು ನೋಡಲಾರದೆ ಚನ್ನಮಲ್ಲ ಬೆಳಗ್ಗೆಯೇ ಊರು ಬಿಡಲು ಗಂಟು ಕಟ್ಟಿಟ್ಟಿದ್ದ. ಗುರುಗಳು ಗಂಟಿನ ಮಾತೆತ್ತದೆ ಈ ಕತೆ ಹೇಳಿದರು.

ಒಂದೂರಿನ ಗರಡಿಮನೆಯ ಮುಂದೆ ಒಂದು ಗುಂಡುಕಲ್ಲಿತ್ತು. ಹಬ್ಬದ ದಿನ ಗಂಡಸರು ಮೈಗೆ ಎಣ್ಣೆ ತಿಕ್ಕಿಕೊಂಡು, ಮೀಸೆ ತಿರುವುತ್ತ ಅದನ್ನು ಎತ್ತಲು ಬರುತ್ತಿದ್ದರು. ಎತ್ತಿದವನಿಗೆ ಬೆಳ್ಳಿಯ ಕಡಗ, ಎತ್ತದವನಿಗೆ ವರ್ಷವಿಡೀ ನಗೆಪಾಟಲು. ಅಂಗಳ ಗುಡಿಸುವ ಹುಡುಗಿಯೊಬ್ಬಳು ಮಾತ್ರ ದಿನಾ ಬೆಳಗ್ಗೆ ಆ ಕಲ್ಲನ್ನು ಎತ್ತಿ ಪಕ್ಕಕ್ಕಿಟ್ಟು, ಅದರಡಿಯ ಕಸ ಗುಡಿಸಿ, ಮತ್ತೆ ಅಲ್ಲೇ ಇಡುತ್ತಿದ್ದಳು. ಒಂದು ದಿನ ಅದನ್ನು ಕಂಡ ಶಾಲೆಯ ಮೇಷ್ಟ್ರು ಮೂಗಿನ ಮೇಲೆ ಬೆರಳಿಟ್ಟರು. ಮರುದಿನ ಅವಳ ಕೈಗೊಂದು ಕಬ್ಬಿಣದ ಗುಂಡು ಕೊಟ್ಟರು.

ಗುಂಡನ್ನು ಕೊರಳಿಗೆ ಒತ್ತಿ ಹಿಡಿದು, ವೃತ್ತದೊಳಗೆ ನಿಂತು ಎಸೆಯಬೇಕು. ಎಸೆದ ಮೇಲೆ ವೃತ್ತದ ಹಿಂಬದಿಯಿಂದಲೇ ಹೊರಬರಬೇಕು. ಎಷ್ಟೇ ದೂರ ಎಸೆದಿರಲಿ, ಖುಷಿಯಲ್ಲಿ ಮುಂದಕ್ಕೆ ಕಾಲಿಟ್ಟರೆ ಆ ಎಸೆತ ರದ್ದು. ಗುಂಡು ಎಸೆತದ ಕಟ್ಟಳೆಯೇ ಹಾಗೆ.

ಅವಳು ಇಪ್ಪತ್ತೆರಡು ವರ್ಷ ಎಸೆದಳು. ಕೊರಳಲ್ಲಿ ಗುಂಡು ಕೂರುವ ಜಾಗ ಕಪ್ಪುಗಟ್ಟಿತು. ಅವಳಿಗಿದ್ದ ಒಡವೆ ಅದೊಂದೇ. ಹೆಣ್ಣು ನೋಡಲು ಬಂದವರು ತೋಳು ಕಂಡು ಚಹಾ ಮುಟ್ಟದೆ ಎದ್ದುಹೋದರು. ಅವರ ಚಹಾವನ್ನೂ ತಾನೇ ಕುಡಿದು ಅವಳು ಮೈದಾನಕ್ಕೆ ಹೋದಳು. ನಾಡಿನ ಯಾವ ಹೆಣ್ಣೂ ಎಸೆಯದಷ್ಟು ದೂರ ಎಸೆದಳು. ಆ ದಾಖಲೆ ಅವಳ ಹೆಸರಿನಲ್ಲಿ ಹನ್ನೊಂದು ವರ್ಷ ನಿಂತಿತು. ಅಷ್ಟರಲ್ಲಿ ಭುಜ ಸೋತು, ಅವಳು ಗುಂಡು ಕೆಳಗಿಟ್ಟಿದ್ದಳು.

ಆಮೇಲೆ ಅವಳಿಗೆ ಸಿಕ್ಕದ್ದು ಗುರುತು ಹಾಕುವ ಕೆಲಸ. ಎಸೆಯುವವರ ಎದುರಿಗೆ ದೂರದಲ್ಲಿ ನಿಂತು, ಗುಂಡು ಬಿದ್ದ ಕುಳಿಯ ಅಂಚಿಗೆ ಮೊಳೆ ಚುಚ್ಚಬೇಕು. ಮೊದಲ ದಿನ ಅವಳು ಮೊಳೆಗಳನ್ನು ನೆಲಕ್ಕೆ ಕುಕ್ಕಿದಳು. ಎಸೆದ ಕೈಗೆ ಇದೆಂಥ ಗತಿ ಎಂದುಕೊಂಡಳು. ಅವಳ ದಾಖಲೆಯ ಜಾಗದಲ್ಲಿ ಒಂದು ಪುಟ್ಟ ಕೆಂಪು ಬಾವುಟ ನೆಟ್ಟಿದ್ದರು. ಅದರ ಪಕ್ಕದಲ್ಲೇ, ಕಾವಲಿಗೆ ನಿಂತವಳ ಹಾಗೆ ನಿಂತಳು.

ಆ ದಿನದ ಕೊನೆಯಲ್ಲಿ ಯಾರೂ ಹೆಸರು ಕೇಳದ ಊರಿನ ಒಬ್ಬ ಹುಡುಗಿ ವೃತ್ತಕ್ಕೆ ಬಂದಳು. ಎಸೆಯುವಾಗಿನ ಅವಳ ಕೂಗು ಕೇಳಿಸಿತು. ಗುಂಡು ಹುಡುಗಿಯ ಕೊರಳಿನಿಂದ ಎದ್ದು, ಮೇಲೆ ಗಳಿಗೆ ತಡೆದು, ನೇರ ಇವಳತ್ತಲೇ ಬಂತು. ಬರುತ್ತ ಬರುತ್ತ ದೊಡ್ಡದಾಯಿತು. ಬಾವುಟದಾಚೆ ಗೇಣು ದೂರದಲ್ಲಿ ಬಿತ್ತು. ಇವಳ ಅಂಗಾಲಿನ ಕೆಳಗೆ ನೆಲ ನಡುಗಿತು. ಅಷ್ಟು ವರ್ಷ ತನ್ನ ಕೈಯಿಂದ ಹೊರಟದ್ದು ಇಂಥದ್ದು ಎಂದು ಇವಳಿಗೆ ಗೊತ್ತೇ ಇರಲಿಲ್ಲ.

ತಲೆಯೆತ್ತಿ ನೋಡಿದರೆ, ಹುಡುಗಿ ಮೈಮರೆತು ಕುಣಿಯುತ್ತ ಮುಂದಕ್ಕೇ ಓಡಿಬರಲು ಕಾಲೆತ್ತಿದ್ದಾಳೆ. ಆ ಕಾಲು ಗೆರೆಯಾಚೆ ಬಿದ್ದರೆ ಎಸೆತ ರದ್ದು, ದಾಖಲೆ ಇವಳದೇ. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

"ಹಿಂದಕ್ಕ ಹೊರಳು ತಂಗಿ! ಹಿಂದಿಂದ ಹೊರಗ ಬಾ!" ಎಂದು ಇವಳು ಮೈದಾನವೇ ಬೆಚ್ಚುವಂತೆ ಕೂಗಿದಳು.

ಎತ್ತಿದ ಕಾಲು ಹಿಂದಕ್ಕೆ ಹೋಯಿತು. ಹುಡುಗಿ ಹಿಂಬದಿಯಿಂದ ಹೊರಬಂದಳು. ಇವಳು ಮಂಡಿಯೂರಿ, ಮಣ್ಣು ಊದಿ, ಕುಳಿಯ ಅಂಚು ಹುಡುಕಿ ಮೊಳೆ ಚುಚ್ಚಿದಳು. ಅಳೆದಾಗ ಹನ್ನೊಂದು ವರ್ಷದ ದಾಖಲೆ ಹೋಯಿತು.

ಹುಡುಗಿ ಬಂದು ಕಾಲು ಮುಟ್ಟಿದಳು. "ಅಕ್ಕಾರ, ನೀವು ಸುಮ್ನಿದ್ದಿದ್ರ ನಿಮ್ಮ ಹೆಸರು ಉಳೀತಿತ್ತಲ್ರೀ. ಯಾಕ ಕೂಗಿದ್ರಿ?"

"ಇಪ್ಪತ್ತೆರಡು ವರ್ಷ ಎಸದೆ ತಂಗಿ, ಬರೇ ಅದರ ಬೆನ್ನು ನೋಡಿದ್ದೆ. ಅದರ ಮಾರಿ ನೋಡಿದ್ದು ಇವತ್ತ. ನೋಡಿದ ಮ್ಯಾಲ, ಅದು ಬಂದೇ ಇಲ್ಲ ಅಂತ ಹೆಂಗ ಅನ್ನಲಿ?"

ಅವಳ ಕಣ್ಣು ತುಂಬಿತ್ತು. ಅದು ದುಃಖದಿಂದಲ್ಲ. ಮರುದಿನವೂ ಅವಳು ಎಲ್ಲರಿಗಿಂತ ಮೊದಲು ಬಂದು ಅದೇ ಜಾಗದಲ್ಲಿ ನಿಂತಳು.

ಗುರುಗಳು ಕತೆ ನಿಲ್ಲಿಸಿ ಶಿಷ್ಯನತ್ತ ತಿರುಗಿದರು.

"ಚನ್ನಮಲ್ಲ, ಇಪ್ಪತ್ತು ವರ್ಷ ನೀನು ಹೇಳಿದ ಪುರಾಣವನ್ನು ಎದುರಿಗೆ ಕೂತು ಒಂದು ದಿನವಾದರೂ ಕೇಳಿದ್ದೀಯಾ?"

ಚನ್ನಮಲ್ಲ ಎದ್ದು ಹೋಗಿ, ಕಟ್ಟಿಟ್ಟಿದ್ದ ಗಂಟು ಬಿಚ್ಚಿದ.