ಗುಲಾಬಿ ಹೋದ ದಾರಿ

ನದಿ ಸಮುದ್ರ ಸೇರುವಲ್ಲಿ ಒಂದು ಮರಳಿನ ದಿಬ್ಬ. ಅದರ ಮೇಲೆ ಇದ್ದದ್ದು ಒಂದೇ ಮನೆ, ಜಟ್ಟಪ್ಪ ಮಾಸ್ತರರದು. ಬದುಕಿಡೀ ವಿಜ್ಞಾನ ಕಲಿಸಿ, ಇನ್ನು ಮನುಷ್ಯರ ಸಹವಾಸ ಸಾಕು ಎಂದು ಅಲ್ಲಿ ಹೋಗಿ ಕೂತವರು. ಮನುಷ್ಯರು ದೋಣಿ ಹತ್ತಿ ಅಲ್ಲಿಗೂ ಬರುತ್ತಿದ್ದರು, ಆ ಮಾತು ಬೇರೆ.

ಅವರ ಶಿಷ್ಯೆ ಮಾದೇವಿ. ಆಚೆ ದಡದ ಶಾಲೆಯಲ್ಲಿ, ಅವರು ಬಿಟ್ಟೆದ್ದ ಕುರ್ಚಿಯಲ್ಲೇ ಈಗ ಅವಳು ವಿಜ್ಞಾನದ ಅಕ್ಕೋರು.

ಚಿಕ್ಕವಳಿದ್ದಾಗ ಒಮ್ಮೆ ಅವಳು ದಡಕ್ಕೆ ಹೋಗದೆ, ಮನೆಯಲ್ಲೇ ಕೂತು ಉಬ್ಬರದ ಗುರುತು ಬರೆದು ತಂದಿದ್ದಳು. ಮಾಸ್ತರರು ಹೊಡೆಯಲಿಲ್ಲ. ಕರೆದುಕೊಂಡು ಹೋಗಿ ಗುರುತಿನ ಕೋಲಿನ ಪಕ್ಕ ನೀರಿನಲ್ಲಿ ನಿಲ್ಲಿಸಿದರು.

"ನೀರು ಎಲ್ಲಿಗೆ ಬಂತು?"

"ಮೊಣಕಾಲಿಗೆ."

"ನೀನು ಬರೆದದ್ದು?"

"ಸೊಂಟಕ್ಕೆ."

"ಹಾಗಾದರೆ ಸೊಂಟಕ್ಕೆ ಬರುವವರೆಗೂ ನಿಂತಿರು."

ಅವತ್ತು ಅವಳು ಮನೆ ಸೇರಿದ್ದು ದೀಪ ಹಚ್ಚುವ ಹೊತ್ತಿಗೆ. ಕಲಿತಳು ಎಂದೇ ಎಲ್ಲರೂ ತಿಳಿದರು.

ಈ ವರ್ಷ ಸಂಕ್ರಾಂತಿ ಕಳೆದ ಮೇಲೆ, ಮೊಟ್ಟೆಯಿಡಲು ದಡಕ್ಕೆ ಬಂದ ಒಂದು ಕಡಲಾಮೆಯ ಬೆನ್ನಿಗೆ ದೂರದ ಊರಿನ ದೊಡ್ಡವರು ಯಂತ್ರ ಅಂಟಿಸಿದರು. ಸಾಬೂನಿನ ಡಬ್ಬಿಯಷ್ಟು ಗಾತ್ರ, ಬಾಲದ ಹಾಗೆ ಒಂದು ತಂತಿ. ಆಮೆ ನೀರಿನಿಂದ ಮೇಲೆ ಬಂದಾಗಲೆಲ್ಲ ಅದು ಆಕಾಶಕ್ಕೆ ಸುದ್ದಿ ಕಳಿಸುತ್ತಿತ್ತು. ಶಾಲೆಗೆಂದು ಕೊಟ್ಟ ಮೊಬೈಲಿನಲ್ಲಿ ಆಮೆಯಿರುವ ಜಾಗ ಚುಕ್ಕಿಯಾಗಿ ಬೀಳುತ್ತಿತ್ತು. ಮೊಬೈಲು ಮಾದೇವಿಯ ವಶ. ಅಂಟಿಸಿದವರು ಫೋಟೊ ಹೊಡೆಸಿಕೊಂಡು, ಸಿಗಡಿ ಊಟ ಹೊಡೆದು ಹೋದವರು ತಿರುಗಿ ನೋಡಲಿಲ್ಲ.

ಮಕ್ಕಳು ಆಮೆಗೆ ಗುಲಾಬಿ ಎಂದು ಹೆಸರಿಟ್ಟರು. ಗೋಡೆಯ ನಕಾಶೆಯ ಮೇಲೆ ದಿನಕ್ಕೊಂದು ಪಿನ್ನು. ಗುಲಾಬಿಯ ನೆಪದಲ್ಲಿ ಅಕ್ಷಾಂಶ, ರೇಖಾಂಶ, ಗಾಳಿಯ ದಿಕ್ಕು, ನೀರಿನ ಉಪ್ಪು ಎಲ್ಲ ಕಲಿತರು. ಅಲ್ಲಿಯವರೆಗಿನದನ್ನು ಮೆಚ್ಚಲೇಬೇಕು.

ಹನ್ನೆರಡನೆಯ ದಿನದಿಂದ ಗುಲಾಬಿಗೆ ಎಲ್ಲಿಲ್ಲದ ವೇಗ ಬಂತು. ಕೇರಳ ದಾಟಿದಳು, ಕನ್ಯಾಕುಮಾರಿ ಸುತ್ತಿದಳು, ಲಂಕೆಯ ಕಡೆ ತಿರುಗಿದಳು. ಪತ್ರಿಕೆಯವರು ಬಂದರು. ಮಾದೇವಿ "ಆಮೆ ಅಕ್ಕೋರು" ಆದಳು. ಮೈತುಂಬ ಆಮೆ ಚಿತ್ರವಿರುವ ಸೀರೆಯೂ ಬಂತು. ಸೆರಗಿಗೆ ಪಿನ್ನು ಮರೆತರೂ ನಕಾಶೆಗೆ ಮರೆತವಳಲ್ಲ. ಕೊನೆಗೆ ರಾಜಧಾನಿಯಿಂದ ಪ್ರಶಸ್ತಿಯ ಕಾಗದವೂ ಬಂತು.

ಹೊರಡುವ ಹಿಂದಿನ ದಿನ, ಒಂದು ಚಿಪ್ಪು ಬಾಳೆಹಣ್ಣು, ಒಂದು ಶಾಲು ಹಿಡಿದು ಅವಳು ಗುರುಗಳ ಆಶೀರ್ವಾದಕ್ಕೆಂದು ದೋಣಿ ಹತ್ತಿದಳು.

ದೋಣಿಯ ದುರ್ಗಯ್ಯ ಬಾಯಿ ಮುಚ್ಚುವ ಪೈಕಿಯಲ್ಲ. "ಅಕ್ಕೋರೆ, ನಿಮ್ಮ ಗುಲಾಬಿ ಲಂಕೆಯಲ್ಲಿ ಯಾರ ಮನೆಯಲ್ಲಿ ಇಳಿದುಕೊಂಡಿದ್ದಾಳೆ?"

"ಸುಮ್ಮನೆ ಹುಟ್ಟು ಹಾಕು ಮಾರಾಯಾ."

"ಅಲ್ಲ, ವಾರಕ್ಕೊಮ್ಮೆ ತಪ್ಪದೆ ಮಾಸ್ತರರ ಮನೆಗೆ ಬರುವವರು ನೀವು. ನಲವತ್ತು ದಿನವಾಯಿತಲ್ಲ ಈ ದೋಣಿ ಹತ್ತದೆ?"

ದೋಣಿ ದಿಬ್ಬ ಮುಟ್ಟಿದ್ದೇ ಅವಳು ಇಳಿದು ನಡೆದಳು.

ಮಾಸ್ತರರು ಬಾವಿಕಟ್ಟೆಯ ಮೇಲೆ ಕೂತು ಏನನ್ನೋ ಒಣಬಟ್ಟೆಯಲ್ಲಿ ಒರೆಸುತ್ತಿದ್ದರು. ಸಾಬೂನಿನ ಡಬ್ಬಿಯಷ್ಟು ಗಾತ್ರ. ಬಾಲದ ಹಾಗೆ ಒಂದು ತಂತಿ.

ಮಾದೇವಿಯ ಕೈಯಿಂದ ಬಾಳೆಹಣ್ಣು ಜಾರಿ ಬೀಳಲಿಲ್ಲ. ಬೀಳಬೇಕಿದ್ದರೆ ಆಶ್ಚರ್ಯವಾಗಬೇಕಿತ್ತು.

"ಗುಲಾಬಿ ಎಲ್ಲಿದ್ದಾಳೆ?" ಮಾಸ್ತರರು ತಲೆಯೆತ್ತದೆ ಕೇಳಿದರು.

ಅವಳು ಬಾಳೆಹಣ್ಣನ್ನು ಕಟ್ಟೆಯ ಮೇಲಿಟ್ಟಳು.

"ಮಕ್ಕಳಿಗೆ ಹೇಳುವುದನ್ನೇ ಹೇಳು."

"ಲಂಕೆಯ ಹತ್ತಿರ."

"ಮೊಬೈಲು ಏನನ್ನುತ್ತದೆ?"

"ಇಲ್ಲಿ. ನಿಮ್ಮ ಮನೆಯಲ್ಲಿ."

"ಯಾವತ್ತಿನಿಂದ?"

"ಹನ್ನೆರಡನೆಯ ದಿನದಿಂದ."

ಮಾಸ್ತರರು ಎದ್ದು ಅವಳನ್ನು ಮನೆಯ ಹಿಂದಕ್ಕೆ ಕರೆದೊಯ್ದರು. ಒಂದು ಮರಳಿನ ಗುಪ್ಪೆ. ಮೇಲೆ ಬಾಡಿದ ದಾಸವಾಳ, ತೆಂಗಿನಕಾಯಿಯ ಎರಡು ಹೋಳು. ಬಲೆಗೆ ಸಿಕ್ಕ ಆಮೆಗೆ ಆ ಕಡೆಯವರು ಕುಂಕುಮ ಹಚ್ಚಿ, ಕಾಯಿ ಒಡೆದು ಕಡಲಿಗೆ ಬಿಡುತ್ತಾರೆ. ಇದಕ್ಕೆ ಕಾಯಿ ಸಿಕ್ಕಿತ್ತು, ಕಡಲು ಸಿಕ್ಕಿರಲಿಲ್ಲ.

"ಕುತ್ತಿಗೆಗೆ ಹರಿದ ಬಲೆ ಸುತ್ತಿಕೊಂಡು, ಸತ್ತು ದಡಕ್ಕೆ ಬಂದಿತ್ತು. ಹೂತೆ."

"ನಾನು... ನೀವೇ ಅದನ್ನು..."

"ಕೊಂದೆ ಅಂದುಕೊಂಡೆ ನೀನು."

ಅವಳು ತಲೆ ತಗ್ಗಿಸಿದಳು.

"ಬೇಯಿಸಿ ತಿಂದೆ ಅಂತಲೂ ಅಂದುಕೊಂಡೆಯಾ?"

"ಆಮೆ ಕೊಂದರೆ ಜೈಲು ಮಾಸ್ತರೇ. ನಿಮ್ಮ ಮರ್ಯಾದೆ ಉಳಿಯಲಿ ಎಂದು ಬಾಯಿ ಮುಚ್ಚಿಕೊಂಡೆ."

"ಮರ್ಯಾದೆ ನನ್ನದು, ಸೀರೆ ನಿನ್ನದು. ಚೆನ್ನಾಗಿದೆ."

ಅವಳ ಕಣ್ಣು ತುಂಬಿತು. ಅಳು ಸುಳ್ಳಲ್ಲ. ಯಾರಿಗಾಗಿ ಅಳುತ್ತಿದ್ದಾಳೆ ಎಂಬುದು ಅವಳಿಗೇ ಗೊತ್ತಿರಲಿಲ್ಲ, ಅಷ್ಟೇ.

"ನೀವಾದರೂ ಹೇಳಿ ಕಳಿಸಬಹುದಿತ್ತು."

"ದಿನಾ ಹೇಳಿ ಕಳಿಸಿದೆ." ಮಾಸ್ತರರು ಯಂತ್ರ ಎತ್ತಿ ತೋರಿಸಿದರು. "ಒಣಗಿ ಆಕಾಶದ ಕೆಳಗಿದ್ದರೆ ಇದು ಸುಮ್ಮನಿರುವುದಿಲ್ಲ. ಇಬ್ಬನಿ ಒರೆಸಿ ದಿನಾ ಕಟ್ಟೆಯ ಮೇಲಿಟ್ಟೆ. ಮಕ್ಕಳನ್ನು ದೋಣಿ ಹತ್ತಿಸಿಕೊಂಡು ಬರುತ್ತೀ, ಗುಲಾಬಿ ಹೇಗೆ ಸತ್ತಳು ಎಂದು ಕೇಳುತ್ತೀ ಎಂದು ಕಾದೆ. ಆ ಬಲೆಯ ತುಂಡನ್ನೂ ತೊಳೆದಿಟ್ಟಿದ್ದೇನೆ. ದೊಡ್ಡ ಪಾಠವಿತ್ತು ಅದರಲ್ಲಿ."

"ಸತ್ತ ಆಮೆಗೆ ಯಾರು ಪ್ರಶಸ್ತಿ ಕೊಡುತ್ತಿದ್ದರು ಮಾಸ್ತರೇ?"

ಬಾಯಿ ತಪ್ಪಿ ನಿಜ ಹೊರಬಿತ್ತು.

"ಈಗ ಬಂತು ನೋಡು, ನೀರು ಸೊಂಟಕ್ಕೆ," ಎಂದರು ಮಾಸ್ತರರು.

ಅವಳು ಸೆರಗಿನಲ್ಲಿ, ಅದೇ ಆಮೆ ಸೆರಗಿನಲ್ಲಿ, ಮುಖ ಒರೆಸಿಕೊಂಡಳು.

"ಪ್ರಶಸ್ತಿ ತೆಗೆದುಕೊಂಡು ಬರುತ್ತೇನೆ. ಬಂದವಳೇ ಮಕ್ಕಳಿಗೆ ಎಲ್ಲ ಹೇಳುತ್ತೇನೆ. ಆಶೀರ್ವಾದ ಮಾಡಿ."

ಕಾಲು ಮುಟ್ಟಲು ಬಗ್ಗಿದಳು. ಮಾಸ್ತರರು ಹಿಂದೆ ಸರಿದು ಬಾವಿಕಟ್ಟೆಗೆ ಹೋದರು, ಕಾಲು ಮಡಚಿ ಮೇಲೆ ಕೂತರು. ಶಾಲು ಅವಳ ತೋಳಿನ ಮೇಲೇ ಉಳಿಯಿತು.

ದಡದಿಂದ ದುರ್ಗಯ್ಯ ಕೂಗಿದ: "ಅಕ್ಕೋರೆ, ಇಳಿತ ಶುರುವಾಯಿತು!"

ಅವಳು ಎರಡು ಹೆಜ್ಜೆ ಹೋದವಳು ತಿರುಗಿ ಬಂದಳು. ದನಿ ಸಣ್ಣದಾಗಿತ್ತು.

"ಈ ಯಂತ್ರವನ್ನಾದರೂ ಒಳಗೆ ಎತ್ತಿಡಿ ಮಾಸ್ತರೇ. ನಾನಿಲ್ಲದಾಗ ಮೊಬೈಲು ಶಾಲೆಯಲ್ಲೇ ಇರಬೇಕು ಎಂದು ಹೆಡ್‌ಮಾಸ್ತರರ ಹಟ. ನಾಳೆ ಚುಕ್ಕಿ ನೋಡಿ ಪಿನ್ನು ಚುಚ್ಚುವವರು ಮಕ್ಕಳೇ."

ಮಾಸ್ತರರು ಯಂತ್ರವನ್ನು ಇನ್ನೊಮ್ಮೆ ಒರೆಸಿದರು. ತಂತಿಯನ್ನು ಆಕಾಶಕ್ಕೆ ಮಾಡಿ ಕಟ್ಟೆಯ ಮೇಲಿಟ್ಟರು.

"ಇಲ್ಲೇ ಇರಲಿ. ನಿನ್ನಿಂದ ಏನೂ ಕಲಿಯದ ಮಗು ಆ ಶಾಲೆಯಲ್ಲಿ ಒಂದಾದರೂ ಇದ್ದೀತು."